ಸಿಸ್ಟರ್ ಆಂಟಿಯ ಉಪವಾಸಕ್ಕೆ ಹತ್ತು ಜನ

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇದೆ ಎಂದರೆ ನನ್ನನ್ನು ಯಾರೂ ಮಾತಾಡಿಸಬಾರದು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಕಾನೂನು. ಕಲಶಕ್ಕೆ ಸೀರೆ ಉಡಿಸುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳದಿದ್ದರೆ ಹಬ್ಬದ ಬೆಳಿಗ್ಗೆ ಲಕ್ಷ್ಮಿ ಒಂದು ಕಡೆ ವಾಲಿ ನಿಂತು, ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆಲ್ಲ ನನ್ನ ಮಾನ ಕಳೆಯುತ್ತಾಳೆ. ಹಿಂದಿನ ವರ್ಷ ಹಾಗೇ ಆಗಿತ್ತು. ಆದ್ದರಿಂದ ಆ ಬುಧವಾರ ಬೆಳಿಗ್ಗೆ ನಾನು ಹಿತ್ತಿಲ ಕಟ್ಟೆಯ ಮೇಲೆ ಕೂತು, ಬಾಯಿ ತುಂಬ ಸೇಫ್ಟಿ ಪಿನ್ನು ಕಚ್ಚಿಕೊಂಡು, ಖಾಲಿ ಬಿಂದಿಗೆಗೆ ಸೀರೆ ಸುತ್ತುತ್ತಿದ್ದೆ. ಆಗ ಪಕ್ಕದ ಮನೆಯ ಸಿಸ್ಟರ್ ಆಂಟಿ ಕಾಂಪೌಂಡಿನಾಚೆಯಿಂದ ತಲೆ ಎತ್ತಿ ಕೇಳಿದರು:

"ನಾಳೆ ಸಾಯಂಕಾಲ ನನ್ನ ಜೊತೆ ಬೀದೀಲಿ ನೆಲದ ಮೇಲೆ ಕೂತ್ಕೋತೀಯಾ?"

ನಾನು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದೆ. ಅಷ್ಟರಲ್ಲಿ ಬಂದ ಸಿಟ್ಟು ಹೋಗಿ ಕುತೂಹಲ ಬಂದಿತ್ತು.

ಸಿಸ್ಟರ್ ಆಂಟಿ ಎನ್ನುವುದು ಜೆ.ಪಿ. ನಗರದ ನಮ್ಮ ಬೀದಿಯವರೆಲ್ಲ ಸೇರಿ ಕಟ್ಟಿದ ಹೆಸರು. ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ಪಾಠ ಹೇಳಿ ರಿಟೈರ್ ಆಗಿದ್ದರಿಂದ ಸಿಸ್ಟರ್, ಅರವತ್ತು ದಾಟಿದ್ದರಿಂದ ಆಂಟಿ. ಹುಟ್ಟೂರು ಮುಂಬೈ ಹತ್ತಿರದ ಠಾಣೆ, ಮನೆಮಾತು ಮರಾಠಿ. ಕನ್ನಡವನ್ನು ವಾರ್ಡಿನಲ್ಲಿ ರೋಗಿಗಳಿಂದಲೇ ಕಲಿತಿದ್ದರಿಂದ ಜಗತ್ತಿನ ಎಲ್ಲರೂ ಅವರಿಗೆ ರೋಗಿಗಳೇ. ತರಕಾರಿಯವನಿಗೆ "ಮುಂದೆ ಬಾ, ಹೆದರ್ಕೋಬೇಡ" ಅನ್ನುವರು. ಗ್ಯಾಸ್ ಸಿಲಿಂಡರ್ ತಂದವನಿಗೆ "ನಿಧಾನವಾಗಿ ಇಳಿಸು, ಈಗ ಉಸಿರು ಬಿಡು" ಅನ್ನುವರು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಹತ್ತಾರು ಜನರನ್ನು ಗದರಿಸುವ ಮ್ಯಾನೇಜರು. ಒಮ್ಮೆ ಅವರು ಬೆಳಿಗ್ಗೆ ಎದುರಾಗಿ ನಮಸ್ಕಾರ ಮಾಡಿದ್ದಕ್ಕೆ ಸಿಸ್ಟರ್ ಆಂಟಿ "ನಾಲಿಗೆ ತೋರ್ಸು" ಎಂದರು. ಯಜಮಾನರು ತೋರಿಸಿಯೂಬಿಟ್ಟರು.

ತೊಂಬತ್ತರ ದಶಕದಲ್ಲಿ ಅವರು ಬೀದಿಗೆ ಬಂದಾಗ ಅವರದು ಯಾವ ಜಾತಿ ಎಂದು ಕಂಡುಹಿಡಿಯಲಾಗದೆ ನಮ್ಮ ಹೆಂಗಸರಿಗೆಲ್ಲ ತಲೆ ಚಿಟ್ಟು ಹಿಡಿದಿತ್ತು. ಸಿಸ್ಟರ್ ಅಂದಮೇಲೆ ಕ್ರಿಶ್ಚಿಯನ್ ಇರಬೇಕು ಎಂದರು ಕೆಲವರು. ಆದರೆ ಭಾನುವಾರ ಎಲ್ಲೂ ಹೋಗುತ್ತಿರಲಿಲ್ಲ. ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು, ಶನಿವಾರ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ತೊಳೆಯುವ ಜಾಗವೂ ಬೇರೆ. ನಮ್ಮ ಅತ್ತೆ ಮಡಿಯ ವಿಷಯದಲ್ಲಿ ಹೈಕೋರ್ಟು. ಅವರು ಇದನ್ನೆಲ್ಲ ಕಾಂಪೌಂಡಿನ ಮೇಲಿಂದ ಆರು ತಿಂಗಳು ನೋಡಿ ತೀರ್ಪು ಕೊಟ್ಟರು: "ಮಾಂಸ ತಿನ್ನೋದೊಂದು ಬಿಟ್ರೆ ನಮಗಿಂತ ಆಚಾರ ಜಾಸ್ತಿ ಕಣೆ ಅವಳದು." ಕೊನೆಗೆ ನಾನೇ ಕೇಳಿದೆ. ತಾವು ಯಹೂದಿಗಳು, ಕೊಂಕಣದ ಕಡೆ ಬಂದು ಎಷ್ಟೋ ತಲೆಮಾರಾಯಿತು, ಅಲ್ಲಿ ತಮ್ಮನ್ನು ಶನಿವಾರದ ಗಾಣಿಗರು ಎಂದು ಕರೆಯುತ್ತಿದ್ದರು, ಎಣ್ಣೆ ತೆಗೆಯುವ ಕೆಲಸಕ್ಕೆ ಶನಿವಾರ ರಜೆ ಹಾಕುತ್ತಿದ್ದರಿಂದ ಆ ಹೆಸರು, ಎಂದರು. ಅತ್ತೆಗೆ ಹೇಳಿದಾಗ "ನಾನು ಹೇಳಲಿಲ್ವಾ, ಶನಿವಾರದ ಒಪ್ಪತ್ತಿನೋರು" ಎಂದು ತಲೆ ಆಡಿಸಿದರು. ಅವರು ಏನು ಹೇಳಿದ್ದರು ಎಂದು ನಾನು ಕೇಳಲಿಲ್ಲ.

ಈ ಸಿಸ್ಟರ್ ಆಂಟಿಯ ಮಹಡಿಯ ಮೇಲಿನ ರೂಮಿನಲ್ಲಿ ಒಬ್ಬ ಹುಡುಗಿ ಇದ್ದಳು. ಆಫ್ರಿಕಾದ ಒಂದು ದೇಶದವಳು, ನರ್ಸಿಂಗ್ ಓದಲು ಬಂದವಳು. ಅವಳ ಊರಿನಲ್ಲಿ ಯುದ್ಧ ನಡೆಯುತ್ತಿತ್ತು. ಮನೆಯವರು ಚದುರಿಹೋಗಿದ್ದರು, ಯಾರು ಎಲ್ಲಿದ್ದಾರೆ ಎಂದು ಅವಳಿಗೇ ಗೊತ್ತಿರಲಿಲ್ಲ. ಎತ್ತರ ಎಷ್ಟೆಂದರೆ ನಮ್ಮ ಹಿತ್ತಿಲ ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಕನ್ನಡ ಕಲಿತದ್ದು ಬಿಟಿಎಂ ಲೇಔಟಿನ ಬಸ್ಸುಗಳಲ್ಲಿ. ಅತ್ತೆ ಮಾಡಿದ ತಿಳಿಸಾರು ಕುಡಿದು "ಸಖತ್ ಆಗಿದೆ ಅಜ್ಜಿ" ಎಂದಾಗ ಅತ್ತೆ ಒಳಗೆ ಬಂದು ನನ್ನ ಮೇಲೆ ಹಾರಾಡಿದರು. "ಅಜ್ಜಿಯಂತೆ ಅಜ್ಜಿ! ನಾನ್ಯಾವಾಗ ಇವಳಿಗೆ ಅಜ್ಜಿ ಆದೆ?" ಅವಳು ಪ್ರತಿ ಸಲ ಅಜ್ಜಿ ಅನ್ನುವುದು, ಇವರು ಪ್ರತಿ ಸಲ ಒಳಗೆ ಬಂದು ಹಾರಾಡುವುದು. ಆದರೆ ಸಾರಿನ ಲೋಟ ಮಾತ್ರ ಕಾಂಪೌಂಡಿನ ಮೇಲೆ ತಪ್ಪದೆ ಹೋಗುತ್ತಿತ್ತು.

ಅವಳನ್ನು ನಾವೆಲ್ಲ ಹಚ್ಚಿಕೊಂಡಿದ್ದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್ ಬಂದರೆ ನಮ್ಮ ಹಿತ್ತಿಲಲ್ಲಿ ಪೇಪರ್ ಹಾಸಿ, ಕಾಯಿ ಸುಲಿದು, ಕಾಳು ನೆನೆಹಾಕಿ, ಮಾರನೆಯ ದಿನ ಹಿತುಕಲು ಕೂರುತ್ತಿದ್ದೆವು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳನ್ನು ಮೆತ್ತಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳಬೇಕು. ನನಗೆ ಈ ಮೆತ್ತಗೆ ಎನ್ನುವುದೇ ಬರುವುದಿಲ್ಲ. ನಾನು ಒತ್ತಿದರೆ ಒಂದು ಅತ್ತೆಯ ಕನ್ನಡಕಕ್ಕೆ ಹಾರುತ್ತದೆ, ಇನ್ನೊಂದು ಬಾವಿಕಟ್ಟೆಗೆ. ತಾಳ್ಮೆ ಕೆಟ್ಟು ಸಿಪ್ಪೆಯ ಸಮೇತವೇ ಪಾತ್ರೆಗೆ ಹಾಕಿಬಿಡುತ್ತೇನೆ. ಈ ಹುಡುಗಿ ಮಾತ್ರ ಎರಡೂ ಕೈಯಲ್ಲಿ ಚಕಚಕನೆ ಹಿತುಕಿ ಮುಗಿಸಿ, ಆಮೇಲೆ ನನ್ನ ಪಾತ್ರೆಗೆ ಕೈ ಹಾಕಿ ಒಂದೊಂದೇ ಎತ್ತಿ ಹಿಡಿಯುತ್ತಿದ್ದಳು. "ಆಂಟಿ, ಇದು ನಿಮ್ದು. ಇದೂ ನಿಮ್ದು." ಅತ್ತೆಗೆ ಪರಮಾನಂದ. ಮೂವತ್ತು ವರ್ಷದಿಂದ ತಾವು ಹೇಳುತ್ತ ಬಂದದ್ದನ್ನು ಪರದೇಶದವಳೊಬ್ಬಳು ಬಂದು ಹೇಳಬೇಕಾಯಿತು ಎನ್ನುವರು. ಹೊಟ್ಟೆ ಉರಿಯುತ್ತಿತ್ತು ನನಗೆ.

ಆ ವರ್ಷ ಬೇಸಿಗೆಯಲ್ಲಿ ಅವಳ ಕಾಲೇಜೇ ಕಾಣೆಯಾಯಿತು. ಉತ್ಪ್ರೇಕ್ಷೆಯಲ್ಲ. ಒಂದು ಬೆಳಿಗ್ಗೆ ಹೋದರೆ ಬೋರ್ಡು ಇರಲಿಲ್ಲ, ಪ್ರಿನ್ಸಿಪಾಲರು ಇರಲಿಲ್ಲ, ಸ್ವಲ್ಪ ದಿನಕ್ಕೆ ಅದೇ ಮಹಡಿಯಲ್ಲಿ ಯಾರೋ ಸೋಫಾ ಮಾರತೊಡಗಿದರು. ಅವಳ ವೀಸಾ ಇದ್ದದ್ದು ಆ ಕಾಲೇಜಿನ ಮೇಲೆ. ಜೂನಿನಲ್ಲಿ ಪೊಲೀಸ್ ಜೀಪು ಬಂತು. ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದವಳನ್ನು ಕರೆದುಕೊಂಡು ಹೋಗಿ, ಬನಶಂಕರಿ ದಾಟಿದ ಮೇಲೆ ಸಿಗುವ ಒಂದು ಸರ್ಕಾರಿ ಮಹಿಳಾ ನಿಲಯದಲ್ಲಿ ಇಟ್ಟರು. ಅವಳ ಒದ್ದೆ ಬಟ್ಟೆಯನ್ನು ಹರವಿದ್ದು ಸಿಸ್ಟರ್ ಆಂಟಿ, ಮಡಿಸಿದ್ದೂ ಅವರೇ. ವಾರ ವಾರ ಕ್ಯಾರಿಯರ್‌ನಲ್ಲಿ ಊಟ ತೆಗೆದುಕೊಂಡು ಹೋಗುವರು. ಗೇಟಿನಲ್ಲಿ ಸಂಬಂಧಿಕರಿಗೆ ಮಾತ್ರ ಭೇಟಿ ಎಂದು ವಾಪಸು ಕಳಿಸುವರು. ಊಟವನ್ನೂ ಒಳಗೆ ಬಿಡುತ್ತಿರಲಿಲ್ಲ. ಮುದುಕಿ ಆಟೋದಲ್ಲಿ ತಣ್ಣಗಾದ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬರುವರು. ನನಗೆ ನೋಡಲಾಗುತ್ತಿರಲಿಲ್ಲ.

ಸಿಸ್ಟರ್ ಆಂಟಿ ಗೊತ್ತುಮಾಡಿದ ವಕೀಲರು ಇನ್ನೊಂದು ಕಾಲೇಜಿನಲ್ಲಿ ಸೀಟು ಹುಡುಕಿದ್ದರು, ಕೋರ್ಟಿಗೂ ಹೋಗಿದ್ದರು. ಇನ್ನು ಸ್ವಲ್ಪ ದಿನ ತಡೆದುಕೊಂಡರೆ ಹುಡುಗಿ ಹೊರಗೆ ಬರುತ್ತಾಳೆ, ಆದರೆ ಅಷ್ಟರೊಳಗೆ ಅವಳೇ ಬಾಯಿಬಿಟ್ಟು ವಾಪಸು ಹೋಗುತ್ತೇನೆ ಎಂದು ಒಪ್ಪಿಕೊಂಡರೆ ದೇವರಿಂದಲೂ ಏನೂ ಮಾಡಲಾಗದು ಎಂದಿದ್ದರು. ಹಿಂದಿನ ವಾರ ಅವರು ಒಳಗೆ ಹೋಗಿ ಮಾತಾಡಿಸಿದಾಗ ಅವಳು ಅಂದದ್ದು ಇಷ್ಟೇ: "ಯಾರೂ ಬರ್ಲಿಲ್ಲ. ಎಲ್ರೂ ಮರ್ತಿದಾರೆ. ಹೋಗಿಬಿಡ್ತೀನಿ." ಸಿಸ್ಟರ್ ಆಂಟಿ ವಾರ ವಾರ ಬರುತ್ತಿದ್ದಾರೆಂದು ವಕೀಲರು ಹೇಳಿದರೂ ಅವಳು ನಂಬಲಿಲ್ಲವಂತೆ. ವಕೀಲರು ಹಾಗೆ ಹೇಳುವುದು ಅವರ ಕೆಲಸ ತಾನೇ?

ಕಾಂಪೌಂಡಿಗೆ ಒರಗಿ ಸಿಸ್ಟರ್ ಆಂಟಿ ಹೇಳಿದರು: "ಇವತ್ತು ಸಾಯಂಕಾಲದಿಂದ ನಾಳೆ ಕತ್ತಲಾಗೋವರೆಗೆ ನಮ್ಮದು ದೊಡ್ಡ ಉಪವಾಸ. ಹಳೇ ಕಾಲದಲ್ಲಿ ನಮ್ಮ ದೇವಸ್ಥಾನ ಸುಟ್ಟುಹಾಕಿದ್ರು. ನಮ್ಮ ಜನಾನ ಊರು ಬಿಡ್ಸಿ ಓಡ್ಸಿದ್ರು. ಆ ದಿನ ನೆಲದ ಮೇಲೆ ಕೂತು, ಅಳೋ ಪದ್ಯ ಓದ್ತೀವಿ. ಪ್ರತಿ ವರ್ಷ ಮನೇಲಿ ಓದ್ತಿದ್ದೆ. ಈ ವರ್ಷ ಮನೇಲಿ ಓದೋಕೆ ನಾಚಿಕೆ ಆಗತ್ತೆ. ಊರು ಬಿಟ್ಟು ಬಂದ ಮಗು ಅಲ್ಲಿ ಒಳಗಿದೆ. ಆ ಗೇಟ್ ಮುಂದೆ ಕೂತು ಓದ್ತೀನಿ. ಹಿಡಿದಿಟ್ಟೋರಿಗೆ ಕೇಳಿಸ್ಲಿ."

ನಾನು ಬಿಂದಿಗೆಯನ್ನು ಪಕ್ಕಕ್ಕಿಟ್ಟೆ. ಅವರು ಮುಂದುವರಿಸಿದರು. "ಠಾಣೆಯಿಂದ ತಮ್ಮ ಬಂದಿದಾನೆ. ಆದ್ರೆ ನಮ್ಮ ಪ್ರಾರ್ಥನೆಗೆ ಹತ್ತು ಜನ ಬೇಕು. ಈ ಊರಲ್ಲಿ..."

"ಹತ್ತು ಜನ ತಾನೆ? ನನಗೆ ಬಿಡಿ ಆಂಟಿ."

"ಅಲ್ಲ, ಕೇಳು. ಆ ಹತ್ತು ಜನ ಅಂದ್ರೆ..."

"ಹತ್ತಲ್ಲ, ಹದಿನೈದು ಜನ ತರ್ತೀನಿ. ನೀವು ಯೋಚ್ನೆ ಮಾಡ್ಬೇಡಿ!"

ಜಂಬ ಅಂದುಕೊಳ್ಳಬೇಡಿ. ಆಗ ನಾನು ನಮ್ಮ ಬಡಾವಣೆಯ ಮಹಿಳಾ ಭಜನಾ ಮಂಡಳಿಯ ಕಾರ್ಯದರ್ಶಿ. ಜನ ಸೇರಿಸುವುದರಲ್ಲಿ ನನ್ನದು ಎತ್ತಿದ ಕೈ. ಸತ್ಯನಾರಾಯಣ ಪೂಜೆಯಿಂದ ಹಿಡಿದು ನಲ್ಲಿಯಲ್ಲಿ ನೀರು ಬರದಿದ್ದಾಗಿನ ಧರಣಿಯವರೆಗೆ, ಫೋನು ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಹೆಂಗಸರು ತಯಾರು.

ಮಧ್ಯಾಹ್ನ ಸಿಸ್ಟರ್ ಆಂಟಿಯ ಮನೆಗೆ ಹೋದರೆ ಅವರು ಒಣ ಅವರೆಕಾಳು ನೆನೆಹಾಕಿ ಮೊಳಕೆ ಬರಿಸಿ ಇಟ್ಟಿದ್ದರು. ಅವರ ಜನ ಈ ಉಪವಾಸ ಬಿಡುವುದು ಹಿತುಕಿದ ಅವರೆಬೇಳೆಯ ಸಾರಿನಲ್ಲಿಯೇ ಅಂತೆ. ನನಗೆ ಆಶ್ಚರ್ಯವೋ ಆಶ್ಚರ್ಯ. ನಾನೂ ಕೂತೆ, ಹಿತುಕಿದೆ. ಒಂದು ಹಾರಿ ಠಾಣೆಯ ತಮ್ಮನ ಹಣೆಗೆ ತಗುಲಿತು. ಅವರು ಅರವತ್ತರ ಹತ್ತಿರದ ಗಂಭೀರ ಮನುಷ್ಯರು, ಏನೂ ಅನ್ನದೆ ಕುರ್ಚಿಯನ್ನು ದೂರ ಎಳೆದುಕೊಂಡರು. "ಸಿಪ್ಪೆ ಬಿಡಬೇಡ" ಎಂದು ಸಿಸ್ಟರ್ ಆಂಟಿ ಎರಡು ಸಲ ಹೇಳಿದರು, ಆಮೇಲೆ ಕೈಬಿಟ್ಟರು. "ನಾಳೆ ಇದನ್ನೂ ಕ್ಯಾರಿಯರ್‌ನಲ್ಲಿ ತಗೊಂಡ್ಹೋಗ್ತೀನಿ. ಬಿಡಲ್ಲ, ಗೊತ್ತು. ಆದ್ರೂ ತಗೊಂಡ್ಹೋಗ್ತೀನಿ."

ಮನೆಗೆ ಬಂದು ಮಂಡಳಿಯವರಿಗೆಲ್ಲ ಫೋನು ಮಾಡಿದೆ. ಸಿಸ್ಟರ್ ಆಂಟಿಯದು ಉಪವಾಸ, ದೇವರ ಪದ್ಯ ಓದುತ್ತಾರೆ, ಆ ಹುಡುಗಿಗೋಸ್ಕರ, ಹತ್ತು ಜನ ಬೇಕು. ನಾನು ಹೇಳಿದ್ದು ಇಷ್ಟೇ. ಇಷ್ಟರಿಂದ ಅವರು ಏನು ಅರ್ಥ ಮಾಡಿಕೊಳ್ಳಬೇಕೋ ಅದನ್ನೇ ಮಾಡಿಕೊಂಡರು.

ಗುರುವಾರ ನಾಲ್ಕು ಗಂಟೆಗೆ ನಮ್ಮ ಮನೆ ಮುಂದೆ ವ್ಯಾನು ಬಂದು ನಿಂತಾಗ ಹದಿಮೂರು ಜನ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ನಿಂತಿದ್ದರು. ಹಬ್ಬದ ಮುನ್ನಾದಿನ ಹೊರಗೆ ಹೋಗುವಾಗ ಹತ್ತಿ ಸೀರೆ ಉಡುವುದುಂಟೇ? ತಾಳಗಳು ಬಂದಿದ್ದವು. ಹಾರ್ಮೋನಿಯಂ ಮಾಮಿ ಹಾರ್ಮೋನಿಯಂ ಸಮೇತ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಹಿಂದೆ ದೊಡ್ಡ ದೊಡ್ಡ ಡಬ್ಬಿಗಳು. ನಮ್ಮ ಕಡೆ ಉಪವಾಸ ಎಂದರೆ ಅನ್ನ ತಿನ್ನುವ ಹಾಗಿಲ್ಲ ಎಂದಷ್ಟೇ ಅರ್ಥ. ಹಾಗಾಗಿ ಒಬ್ಬೊಬ್ಬರೂ ಉಪವಾಸದ ತಿಂಡಿ ಮಾಡಿ ತಂದಿದ್ದರು: ಗೊಜ್ಜವಲಕ್ಕಿ, ಸಬ್ಬಕ್ಕಿ ಖಿಚಡಿ, ಗೋಧಿರವೆ ಉಪ್ಪಿಟ್ಟು, ಕೋಸಂಬರಿ, ಬಾಳೆಹಣ್ಣಿನ ರಸಾಯನ. ಏಕಾದಶಿಯ ದಿನ ನಾವು ತಿನ್ನುವಷ್ಟು ಮದುವೆಮನೆಯಲ್ಲೂ ತಿನ್ನುವುದಿಲ್ಲ.

ಅತ್ತೆಗೆ ಬರಬೇಡಿ ಎಂದಿದ್ದೆ. ಮಂಡಿನೋವು, ಹಬ್ಬದ ಮಡಿ ಬೇರೆ. "ನಾನ್ಯಾಕೆ ಬರ್ಲಿ? ಅವಳು ನನಗೇನಾಗ್ಬೇಕು?" ಎಂದವರು ವ್ಯಾನಿನ ಬಾಗಿಲು ಹಾಕುವ ಹೊತ್ತಿಗೆ ಕೈಯಲ್ಲಿ ಊರುಗೋಲು ಹಿಡಿದು ಬಂದು ಹತ್ತಿದರು. ಕೇಳಿದರೆ, "ನೀನು ಎಲ್ಲಾದ್ರೂ ಬಾಯಿ ಮಾಡ್ತೀಯ, ಅದಕ್ಕೆ ಬಂದೆ" ಎಂದರು.

ನಿಲಯದ ಗೇಟಿನ ಮುಂದೆ ಹೊಂಗೆ ಮರದ ಕೆಳಗೆ ಸಿಸ್ಟರ್ ಆಂಟಿ ಬರಿಗಾಲಲ್ಲಿ, ಹಳೆ ಬಿಳಿ ಸೀರೆಯಲ್ಲಿ ಚಾಪೆ ಕೂಡ ಇಲ್ಲದೆ ಕೂತಿದ್ದರು. ಪಕ್ಕದಲ್ಲಿ ಟೋಪಿ ಹಾಕಿಕೊಂಡ ತಮ್ಮ. ಕಾಂಪೌಂಡಿಗೆ ಒಂದು ರಟ್ಟಿನ ಬೋರ್ಡು ಒರಗಿಸಿದ್ದರು, ಅದರಲ್ಲಿ ಕನ್ನಡದಲ್ಲಿ "ಊರು ಬಿಟ್ಟು ಬಂದವಳನ್ನು ಬಿಡುಗಡೆ ಮಾಡಿ" ಎಂದು ಬರೆದಿತ್ತು. ನಾವು ಇಳಿದೆವು. ಹದಿಮೂರು ರೇಷ್ಮೆ ಸೀರೆ, ಹದಿಮೂರು ನಮಸ್ಕಾರ, "ಹೇಗಿದೀರಾ ಸಾರ್, ಟ್ರೇನ್ ಲೇಟಾಯ್ತಾ, ಊಟ ಆಯ್ತಾ?" ಆ ಮನುಷ್ಯ ಗೋಡೆಯ ಕಡೆ ಮುಖ ತಿರುಗಿಸಿದರು. ಹಾರ್ಮೋನಿಯಂ ಮಾಮಿಗೆ ಅವಮಾನವಾಯಿತು. "ಏನ್ರೀ ಇದು, ಮರ್ಯಾದೆ ಇಲ್ವಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಇಡೀ ಬೀದಿಗೆ ಕೇಳಿಸಿತು.

"ಇವತ್ತು ನಾವು ಯಾರಿಗೂ ನಮಸ್ಕಾರ ಹೇಳಲ್ಲ" ಎಂದರು ಸಿಸ್ಟರ್ ಆಂಟಿ. "ದುಃಖದ ದಿನ. ಹಾಡು ವಾದ್ಯ ಇಲ್ಲ. ಊಟ ಇಲ್ಲ, ನೀರೂ ಇಲ್ಲ."

"ನೀರೂ ಇಲ್ವಾ!" ಎಂದು ಗೊಜ್ಜವಲಕ್ಕಿಯವರು ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ನಿಂತರು. ಒಗ್ಗರಣೆಯ ಪರಿಮಳ ಬೀದಿಗೆಲ್ಲ ಹರಡಿತು. ಹಿಂದಿನ ಸಂಜೆಯಿಂದ ಏನೂ ತಿಂದಿರದ ಠಾಣೆಯ ತಮ್ಮ ಕಣ್ಣು ಮುಚ್ಚಿಕೊಂಡರು.

ಆಮೇಲೆ ಹತ್ತು ಜನರ ವಿಷಯ ಬಂತು. ಅವರು ಅಕ್ಕನಿಗೆ ಮರಾಠಿಯಲ್ಲಿ ಏನೋ ಕೇಳಿದರು, ಅಕ್ಕ ನನ್ನನ್ನು ತೋರಿಸಿದರು. ಇಬ್ಬರೂ ನನ್ನನ್ನು ನೋಡಿದರು. ಹತ್ತು ಜನ ಎಂದರೆ ಹತ್ತು ಗಂಡಸರು, ಅದೂ ಅವರ ಧರ್ಮದವರೇ ಆಗಬೇಕು ಎಂದು ನನಗೆ ತಿಳಿದದ್ದು ಆಗ. ಅತ್ತೆಯೂ ನಾನೂ ಸೇರಿ ಹದಿನೈದು ಜನ ಹೆಂಗಸರು ಬಂದು ಕೂತ ಮೇಲೂ ಅವರ ಲೆಕ್ಕದಲ್ಲಿ ಅಲ್ಲಿದ್ದದ್ದು ಒಂದೇ ತಲೆ.

"ಇದನ್ನ ನಿನ್ನೇನೇ ಹೇಳೋದಲ್ವಾ ಆಂಟಿ?" ಎಂದೆ. ಪಿತ್ತ ನೆತ್ತಿಗೇರಿತ್ತು.

"ಹೇಳೋಕೆ ಬಿಟ್ಯಾ ನೀನು?" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ದುಃಖದ ದಿನ ನಗಬಾರದೆಂದು ತಡೆದುಕೊಳ್ಳುತ್ತಿದ್ದರು, ಪಾಪ. ಸಮಾಧಾನವಾದ ಮೇಲೆ ತಮ್ಮನಿಗೆ ಹೇಳಿದರು, ನನಗೆ ತಿಳಿಯಲೆಂದು ಕನ್ನಡದಲ್ಲೇ: "ಪದ್ಯ ಓದೋಕೆ ಹತ್ತು ಜನ ಬೇಡ. ಬೇರೆ ಪ್ರಾರ್ಥನೆ ಬಿಟ್ಟುಬಿಡು. ಇವರು ಕೇಳ್ತಾರೆ, ಸಾಕು."

ತಮ್ಮ ಓದತೊಡಗಿದರು. ಹೀಬ್ರೂ ಭಾಷೆಯಂತೆ, ನಮಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಓದುವುದೆಂದರೆ ಓದಲ್ಲ, ಒಂದು ರೀತಿ ಎಳೆದು ಎಳೆದು ಹಾಡುವುದು, ಪ್ರತಿ ಸಾಲಿನ ಕೊನೆಗೆ ದನಿ ಕೆಳಗೆ ಇಳಿದು ಕೂರುತ್ತಿತ್ತು. "ಶುಭಪಂತುವರಾಳಿ ರಾಗದ ಹತ್ರ ಹತ್ರ ಹೋಗ್ತಿದೆ" ಎಂದು ಮಾಮಿ ಪಿಸುಗುಟ್ಟಿದರು, ಹಾರ್ಮೋನಿಯಂ ಮೇಲೆ ಬೆರಳು ಇಟ್ಟೇಬಿಟ್ಟರು. ನಾನು ಕೈ ಹಿಡಿದುಕೊಂಡೆ. ನಮ್ಮ ಮಂಡಳಿಯವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊದಲು ಚಡಪಡಿಸಿದರು, ಬಳೆ ಸರಿಮಾಡಿಕೊಂಡರು, ನಾಳೆಗೆ ಮಲ್ಲಿಗೆ ಯಾವ ರೇಟಾಗಿದೆ ಎಂದು ಕಣ್ಣಲ್ಲೇ ಕೇಳಿಕೊಂಡರು. ಆಮೇಲೆ ಗೊಜ್ಜವಲಕ್ಕಿಯವರು ಅಳತೊಡಗಿದರು. ಬಸವನಗುಡಿಯಲ್ಲಿ ಅವರ ತವರುಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದರು. ಅದು ನೆನಪಾಯಿತಂತೆ. ಒಬ್ಬರು ಅತ್ತರೆ ಇನ್ನೊಬ್ಬರು ಸುಮ್ಮನಿರುವುದುಂಟೇ? ನಾನು ಅಳಬಾರದೆಂದು ಗೇಟಿನ ಕಡೆ ನೋಡುತ್ತ ಕೂತೆ. ಒಳಗಿನ ಕಟ್ಟಡದ ಕಿಟಕಿಗಳೆಲ್ಲ ಹಿಂದುಗಡೆಗೆ ಇದ್ದವು. ನಾವು ಬಂದದ್ದು ಅವಳಿಗೆ ಕಾಣುವುದಿಲ್ಲ, ಈ ಓದು ಅಷ್ಟು ದೂರ ಕೇಳಿಸುವುದೂ ಇಲ್ಲ ಎಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಗೇಟು ತೆರೆದು ವಾರ್ಡನ್ ಹೊರಗೆ ಬಂದರು. ಧಾರವಾಡದ ಕಡೆಯ ಹೆಂಗಸು, ನನ್ನದೇ ವಯಸ್ಸು, ಮುಖದಲ್ಲಿ ಗಾಬರಿ. "ಏನ್ರೀ ಇದು? ಯಾರರ ತೀರ್ಕೊಂಡಾರೇನ್ರಿ?"

"ಯಾರೂ ತೀರ್ಕೊಂಡಿಲ್ಲ" ಎಂದು ನಾನು ಎದ್ದೆ. "ತೀರ್ಕೊಳ್ಳೋದು ಬೇಡ ಅಂತಾನೇ ಕೂತಿದೀವಿ. ಆ ಹುಡುಗಿ ಏನು ಕೊಲೆ ಮಾಡಿದಾಳಾ? ಕಾಲೇಜ್ ಓಡಿಹೋದ್ರೆ ಅವಳೇನು ಮಾಡ್ತಾಳೆ? ಊಟ ಕೊಡೋಕೂ ಬಿಡಲ್ವಲ್ಲ, ಮನುಷ್ಯರಾ ನೀವು?"

"ನನ್ನ ಮ್ಯಾಲೆ ಒದರಬ್ಯಾಡ್ರಿ. ರೂಲ್ಸ್ ನಾ ಮಾಡೀನೇನು? ಪರ್ಮಿಶನ್ ಐತೇನ್ ನಿಮಗ? ಪೊಲೀಸ್ರನ್ನ ಕರೀತೀನಿ ನೋಡ್ರಿ."

ಕರೀರಿ ಎನ್ನಲು ನಾನು ಬಾಯಿ ತೆರೆದೆ. ಅತ್ತೆ ಊರುಗೋಲಿನಿಂದ ನನ್ನ ಕಾಲಿಗೆ ತಟ್ಟಿದರು. ಅವರು ಎದ್ದು ನಿಂತು ವಾರ್ಡನ್ನಿನ ಹಣೆ ನೋಡಿದರು, ಕೈ ನೋಡಿದರು. ಶ್ರಾವಣದಲ್ಲಿ ಎದುರಿಗೆ ಹೆಂಗಸು ಕಂಡರೆ ನಮ್ಮ ಅತ್ತೆಯ ಬಾಯಿಂದ ಬರುವುದು ಒಂದೇ ಮಾತು, ಎದುರಿಗಿರುವುದು ಪೊಲೀಸಾಗಲಿ ಯಮನ ಹೆಂಡತಿಯಾಗಲಿ.

"ನಾಳೆ ವರಮಹಾಲಕ್ಷ್ಮಿ. ಸಾಯಂಕಾಲ ಅರಿಶಿನ ಕುಂಕುಮಕ್ಕೆ ಬಾಮ್ಮ."

ವಾರ್ಡನ್ ದನಿ ತಗ್ಗಿಸಿದರು. "ಡ್ಯೂಟಿ ಐತ್ರಿ ಅಮ್ಮಾರ. ನಮ್ಮ ಕಡೆ ಶ್ರಾವಣ ಶುಕ್ರವಾರ ಕರ್ದು ಉಡಿ ತುಂಬತಾರ. ಈ ಊರಿಗೆ ಬಂದು ಐದು ವರ್ಷ ಆತು, ನನ್ನ ಯಾರೂ ಕರದಿಲ್ರಿ."

"ನಾನು ಕರ್ದೆ ತಾನೆ? ನೀನು ಬರಕ್ಕಾಗ್ದಿದ್ರೆ ನಾನೇ ತಂದುಕೊಡ್ತೀನಿ. ಈಗ ನನ್ನನ್ನ ಒಳಗೆ ಬಿಡು. ಹುಡುಗೀನ ನೋಡಿ ಬರ್ತೀನಿ."

"ಸಂಬಂಧಿಕ್ರನ್ನಷ್ಟ ಬಿಡಬೇಕ್ರಿ."

"ಸಂಬಂಧಾನೇ. ನಾನು ಅವಳ ಅಜ್ಜಿ."

ನಾನು ಅತ್ತೆಯ ಮುಖ ನೋಡಿದೆ. ಮೂಗುಬೊಟ್ಟು, ಕಚ್ಚೆ ಸೀರೆ, ಹಣೆಯಲ್ಲಿ ಕಾಸಗಲದ ಕುಂಕುಮ. ವಾರ್ಡನ್ನೂ ನೋಡಿದರು, ಮೇಲಿಂದ ಕೆಳಗೆ.

"ಯಾಕೆ, ಬಣ್ಣ ನೋಡ್ತಿದೀಯಾ?" ಎಂದರು ಅತ್ತೆ. "ನಮ್ಮ ಮಾವನೋರು ಅವಳಿಗಿಂತ ಕಪ್ಪಗಿದ್ರು."

ವಾರ್ಡನ್ ನಗಲಿಲ್ಲ. "ಅಕೀನ್ನ ಕೇಳ್ತೀನಿ. ಅಕಿ ನಿಮ್ಮನ್ನ ಅಜ್ಜಿ ಅಂದ್ಲಂದ್ರ ಬಿಡ್ತೀನಿ. ಇಲ್ಲಾಂದ್ರ ಎಲ್ಲಾರೂ ಎದ್ದು ಮನೀಗೆ ಹೋಗಬೇಕು, ನೋಡ್ರಿ ಮತ್ತ" ಎಂದು ಒಳಗೆ ಹೋದರು.

ನಾವು ಕಾದೆವು. ಠಾಣೆಯ ತಮ್ಮ ಓದುವುದನ್ನು ನಿಲ್ಲಿಸಿದ್ದರು. ಎಲ್ಲರ ಕಣ್ಣೂ ಗೇಟಿನ ಮೇಲೆ. ಎಲ್ರೂ ಮರ್ತಿದಾರೆ ಎಂದು ಕೂತಿರುವ ಹುಡುಗಿ ಅಜ್ಜಿ ಇದ್ದಾಳೆ ಎಂದು ಯಾಕೆ ಹೇಳುತ್ತಾಳೆ? ಸಿಸ್ಟರ್ ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಅಭ್ಯಾಸಬಲ, ನನ್ನ ನಾಡಿ ನೋಡುತ್ತಿದ್ದರು.

ವಾರ್ಡನ್ ವಾಪಸು ಬಂದು ಗೇಟಿನ ಸರಳು ಹಿಡಿದು ನಿಂತರು. "ನಿನ್ನ ನೋಡಾಕ ಮಂದಿ ಬಂದಾರ, ಯಾರಿರಬಹುದು ಅಂತ ಕೇಳಿದ್ನಿ. ನನಗ ಯಾರೂ ಇಲ್ಲ ಅಂದ್ಲು."

ಸಿಸ್ಟರ್ ಆಂಟಿ ನನ್ನ ಮಣಿಕಟ್ಟು ಬಿಟ್ಟರು.

"ಒಬ್ಬಾಕಿ ಮುದುಕಿ ಬಂದಾಳ, ಕೋಲು ಹಿಡಕೊಂಡು ಎಲ್ಲಾರನೂ ಬೈಯಾಕತ್ತಾಳ ಅಂದ್ನಿ. ಅಜ್ಜೀ ಅಂತ ಚೀರಿ ಎದ್ದು ನಿಂತ್ಲು ನೋಡ್ರಿ." ವಾರ್ಡನ್ ಚಿಲಕ ತೆಗೆದರು. "ಬರ್ರಿ ಒಳಗ. ನೀವೊಬ್ರ."

ಸಿಸ್ಟರ್ ಆಂಟಿ ಕ್ಯಾರಿಯರನ್ನು ಅತ್ತೆಯ ಕೈಗೆ ಕೊಟ್ಟರು. ಬೇರೆ ಮನೆಯ ಪಾತ್ರೆಯನ್ನು ನಮ್ಮ ಅತ್ತೆ ಹಬ್ಬದ ಹಿಂದಿನ ದಿನ ಮುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ. "ಒಪ್ಕೋಬೇಡ ಅಂತ ಹೇಳು" ಎಂದರು ಸಿಸ್ಟರ್ ಆಂಟಿ. ದನಿ ಒಡೆದಿತ್ತು. "ಸ್ವಲ್ಪ ದಿನ ತಡ್ಕೊ ಅಂತ ಹೇಳು. ನಾವು ಇಲ್ಲೇ ಇದೀವಿ ಅಂತ ಹೇಳು." ಅತ್ತೆ "ಗೊತ್ತು ಗೊತ್ತು" ಎಂದು ಕೋಲೂರಿಕೊಂಡು ಹೋದರು.

ಹೊತ್ತು ಮುಳುಗಿತು. ಹೊಂಗೆ ಮರದ ಮೇಲೆ ಕಾಗೆಗಳ ಗದ್ದಲ ಮುಗಿದು ನಕ್ಷತ್ರ ಕಂಡವು. ಉಪವಾಸ ಮುಗಿಯಿತು ಎಂದು ತಮ್ಮ ಹೇಳಿದ್ದೇ ತಡ, ಗೊಜ್ಜವಲಕ್ಕಿಯವರು ಅವರ ಮುಂದೆ ತಟ್ಟೆ ಇಟ್ಟರು. ಮೊದಲು ಬೇಳೆಸಾರು ಆಗಬೇಕು ಎಂದು ಸಣ್ಣ ಡಬ್ಬಿಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು, ಆಮೇಲೆ ಅವರು ಗೊಜ್ಜವಲಕ್ಕಿಯನ್ನು ಮೂರು ಸಲ ಹಾಕಿಸಿಕೊಂಡರು. ಮಾಮಿ ಅವರನ್ನು ಕ್ಷಮಿಸಿದರು. ಸಿಸ್ಟರ್ ಆಂಟಿ ಮಾತ್ರ ನೀರೂ ಮುಟ್ಟಲಿಲ್ಲ. ಅತ್ತೆ ವಾಪಸು ಬರಲಿ ಎಂದರು.

ಅತ್ತೆ ಬಂದದ್ದು ಒಂದು ಗಂಟೆಯ ಮೇಲೆ. ನಾವೆಲ್ಲ ಮುತ್ತಿಕೊಂಡೆವು. ಅವರು ಮೊದಲು ಹೇಳಿದ್ದು ಒಳಗಿನ ವರಾಂಡ ಗುಡಿಸಿ ಎಷ್ಟು ದಿನವಾಯಿತೋ ಎಂದು. ಆಮೇಲೆ ಅಲ್ಲಿಯ ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ ಇಲ್ಲ ಎಂದು. ಆಮೇಲೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು. ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು.

"ಅತ್ತೆ, ಒಪ್ಕೊಳ್ಳಲ್ಲ ಅಂದ್ಲಾ? ಅದು ಹೇಳಿ!"

"ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ಲು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತುಂಬ ಇಳಿದುಹೋಗಿದಾಳೆ. ಮೊದ್ಲು ತಿನ್ನು ಅಂತ ಕ್ಯಾರಿಯರ್ ಬಿಚ್ಚಿದೆ. ಎರಡು ತುತ್ತು ತಿಂದ್ಲು. ಬಾಯಿಗೆ ಏನೋ ಸಿಕ್ತು, ತೆಗೆದು ನೋಡಿದ್ಲು. ಸಿಪ್ಪೆ. ಇನ್ನೊಂದು ತುತ್ತು, ಇನ್ನೊಂದು ಸಿಪ್ಪೆ. ಅಂಗೈಮೇಲೆ ಇಟ್ಕೊಂಡು ನೋಡ್ತಾ ಕೂತ್ಲು. ಆಮೇಲೆ ನಗೋಕೆ ಶುರುಮಾಡಿದ್ಲು ನೋಡು, ಕಣ್ಣಲ್ಲಿ ನೀರು. 'ಅಜ್ಜಿ, ಇದು ಆಂಟಿ ಹಿತುಕಿದ್ದು. ಅವ್ರೂ ಬಂದಿದಾರಾ?' ಅಂದ್ಲು. ಎಲ್ಲಾ ಬಂದಿದಾರೆ, ಹಾರ್ಮೋನಿಯಂ ಕೂಡ ಬಂದಿದೆ ಅಂದೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ.

"ನಿನಗೊಂದು ಹೇಳಿ ಕಳ್ಸಿದಾಳೆ. ಡಿಸೆಂಬರ್‌ನಲ್ಲಿ ಅವರೆಕಾಯಿ ಬಂದಾಗ ನಿನ್ನ ಕೈಗೆ ಕೊಡಬಾರ್ದಂತೆ. ಅವಳೇ ಬಂದು ಹಿತುಕ್ತಾಳಂತೆ."

ಸಿಸ್ಟರ್ ಆಂಟಿ ನೀರಿನ ಲೋಟ ಎತ್ತಿಕೊಂಡು ಗಟಗಟ ಕುಡಿದರು.